ದುಂಡು ಅಕ್ಷರದ ಹನ್ನೊಂದು ಅರ್ಜಿಗಳು

ಅಕ್ಷರ ದುಂಡಗಿದ್ದವನ ಬಾಳೂ ನೆಟ್ಟಗಿರುತ್ತದೆ ಎಂದು ಹೆತ್ತೂರಿನ ಮೇಷ್ಟ್ರು ಸಿದ್ದಬಸಪ್ಪನಿಗೆ ಹೇಳಿದ್ದರು. ಪಾಪ, ಅವರು ಎಸ್ಟೇಟ್ ಆಫೀಸು ನೋಡಿದವರಲ್ಲ. ಆ ಅಕ್ಷರದ ದೆಸೆಯಿಂದಲೇ ಅವನು ಹದಿನೆಂಟು ವರ್ಷಗಳಿಂದ ಕಾಫಿ ಕಂಪನಿಯೊಂದರ ರೈಟರ್ ಆಗಿದ್ದ. ಮ್ಯಾನೇಜರ್ ಹೇಳಿದ್ದನ್ನು ಬರೆಯುವುದು, ಬರೆದವನೇ ಕೆಳಗೊಂದು ಸಹಿ ಹಾಕುವುದು, ನಕಲನ್ನು ಫೈಲಿಗೆ ಸೇರಿಸುವುದು. ಅರ್ಥದ ಗೋಜಿಗೆ ಅವನು ಹೋಗುತ್ತಿರಲಿಲ್ಲ.

"ರೀ, ಹೊರಗ್ ಬನ್ನಿ! ನಮ್ ಮನೆ ಮ್ಯಾಲಿನ ಮರಕ್ಕೆಲ್ಲ ಕೆಂಪು ನಂಬರ್ ಹಾಕ್ಬುಟ್ಟವ್ರೆ," ಎಂದು ಆವತ್ತು ಬೆಳಿಗ್ಗೆ ಹೆಂಡತಿ ನಾಗರತ್ನಮ್ಮ ಕೂಗಿದಳು.

ಕೆಂಪು ನಂಬರ್ ಬಿದ್ದ ಮರಕ್ಕೆ ವಾರದೊಳಗೆ ಗರಗಸ ಬೀಳುತ್ತದೆ. ಹೋದ ಮಳೆಗಾಲದಲ್ಲೇ ಮನೆ ಹಿಂದಿನ ಗುಡ್ಡ ಬಾಯಿ ಬಿಟ್ಟಿತ್ತು. ಅದು ನೌಕರರಿಗೆ ಕಂಪನಿ ಕೊಟ್ಟ ಲೈನ್ ಮನೆಗಳ ಮೇಲೆ ಕುಸಿಯದಂತೆ ಹಿಡಿದುಕೊಂಡಿದ್ದೇ ಆ ಮರಗಳ ಬೇರು.

"ಇಳಿಜಾರಲ್ಲಿ ಮರ ಕಡೀಬಾರ್ದು ಅಂತ ಸರ್ಕಾರ ಕಾನೂನು ತರ್ತೈತೆ ಅಂದಿದ್ರಲ್ರೀ?"

"ಅದು ಬ್ಯಾಡ ಅಂತ ಕಂಪನಿಯೋರು ಹನ್ನೊಂದ್ ಅರ್ಜಿ ಹಾಕವ್ರೆ ಕಣೇ. ಬರ್ದಿದ್ದು ನಾನೇ."

ನಾಗರತ್ನಮ್ಮ ಅವನ ಕೈಯನ್ನೇ ನೋಡಿದಳು. ಸಿದ್ದಬಸಪ್ಪನಿಗೆ ಮೊದಲ ಬಾರಿಗೆ ತನ್ನ ಬಲಗೈ ಮೇಲೆ ಅಸಹ್ಯ ಹುಟ್ಟಿತು.

ಅಂದೇ ವಿದೇಶದ ಖರೀದಿದಾರರ ಪರವಾಗಿ ಕಂಪನಿಗೆ ತಪಾಸಣೆಯಿತ್ತು. 'ಹವಾಮಾನ ರಕ್ಷಣೆಯ ಕಾನೂನಿಗೆ ನಮ್ಮ ಪೂರ್ಣ ಬೆಂಬಲ' ಎಂದು ಗೇಟಿಗೆ ಹಸಿರು ಬೋರ್ಡು ಹಾಕಿ, ಒಳಗಿಂದ ಅದೇ ಕಾನೂನಿಗೆ ಕಲ್ಲು ಹಾಕುವವರ ಕಾಫಿಯನ್ನು ವಿದೇಶದವರು ಕೊಳ್ಳುವುದಿಲ್ಲವಂತೆ. ಸುಳ್ಳು ಸಿಕ್ಕರೆ ಮರ ಕಡಿಯುವುದನ್ನೂ ನಿಲ್ಲಿಸುತ್ತಾರಂತೆ. ಅರ್ಜಿಗಳ ಫೈಲನ್ನು ತೋರಿಸಿಯೇ ಬಿಡುವುದೆಂದು ಸಿದ್ದಬಸಪ್ಪ ತೀರ್ಮಾನಿಸಿದ.

"ಸುಮ್ನಿರು ಮಾರಾಯ," ಎಂದ ಸೂಪರ್‌ವೈಸರ್ ರಾಜೇಶ್. "ಕೆಲ್ಸ ಹೋದ್ರೆ ಲೈನ್ ಮನೇನೂ ಹೋಯ್ತದೆ."

"ಮರ ಹೋದ್ರೂ ಹೋಯ್ತದೆ ಕಣೋ!"

ಫೈಲನ್ನು ಅಂಗಿಯೊಳಗೆ ತುರುಕಿಕೊಂಡು ಸಿದ್ದಬಸಪ್ಪ ಕಾಫಿ ಮೂಟೆಗಳ ಸ್ಟೋರಿಗೆ ಬಂದ. ಮ್ಯಾನೇಜರ್ ರವಿಚಂದ್ರ ಅಲ್ಲಿ ತಪಾಸಣೆಯ ಮಾನಸಾ ಮೇಡಂಗೆ ಕಾಫಿ ಕೊಡಿಸುತ್ತಿದ್ದ.

"ಏನ್ರೀ ಇದು, ಹೊಟ್ಟೆ ಇಷ್ಟು ಊದ್ಕಂಡೈತೆ?"

"ಗ್ಯಾಸು ಸಾರ್," ಎಂದು ಬಗ್ಗಿದ್ದೇ ತಡ, ಫೈಲು ಜಾರಿ ಮೇಡಂ ಕಾಲಬುಡಕ್ಕೆ ಬಿತ್ತು.

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಳ್ಳುತ್ತಾನೇನೋ ಎಂದು ಸಿದ್ದಬಸಪ್ಪ ಮ್ಯಾನೇಜರನ್ನು ನೋಡಿದ. ಆತ ಆರಾಮಾಗಿ ಕಾಫಿ ಹೀರುತ್ತಿದ್ದ.

"ಇವೆಲ್ಲ ಕಂಪನಿ ಬರೆಸಿದ್ದಾ?" ಎಂದು ಮೇಡಂ ಹಾಳೆ ತಿರುವಿದರು.

"ಹೂಂ ಮೇಡಂ, ಒಂದೊಂದೂನೂವೆ."

"ಆದ್ರೆ ಕಂಪನಿ ಹೆಸರೇ ಇಲ್ವಲ್ಲ! 'ಈ ಭಾಗದ ಬಡ ನಿವಾಸಿಯಾದ ನನಗೆ ಈ ಕಾನೂನು ಬೇಡ' ಅಂತಿದೆ. ಎಲ್ಲದಕ್ಕೂ ಒಂದೇ ಸಹಿ. ಯಾರು ಈ ಸಿದ್ದಬಸಪ್ಪ?"

ಹಿಂದೆಯೇ ಬಂದಿದ್ದ ರಾಜೇಶ್ ಬೆರಳು ತೋರಿಸಿದ.

"ಊರಿನೋರ ಬಾಯಿ ನಾವು ಮುಚ್ಚೋಕಾಗುತ್ತಾ ಮೇಡಂ?" ಎಂದು ರವಿಚಂದ್ರ ನಿಟ್ಟುಸಿರಿಟ್ಟ. "ಹನ್ನೊಂದನೇದರ ಕೊನೇ ಸಾಲು ಓದಿ. 'ನನ್ನ ಮನೆ ಮೇಲಿನ ಮರಗಳಿಂದ ಅಪಾಯವಿದೆ, ದಯವಿಟ್ಟು ಕಡಿಸಿಕೊಡಿ' ಅಂದವ್ರೆ. ಸರ್ಕಾರ ಮಂಜೂರು ಮಾಡಿದೆ. ನಾವು ಬರೀ ನಂಬರ್ ಹಾಕಿದ್ದು."

"ಸಾರ್, ನೀವು ಹೇಳಿದ್ದು, ನಾನು ಬರ್ದಿದ್ದು!"

"ಸಹಿ?"

ಸಿದ್ದಬಸಪ್ಪ ಹಾಳೆಯ ಕೆಳಗಿನ ತನ್ನದೇ ದುಂಡು ಸಹಿಯನ್ನು ನೋಡಿದ. ಮೇಡಂ ವರದಿ ಬರೆದುಕೊಂಡರು: ಕಂಪನಿ ಏನನ್ನೂ ಮುಚ್ಚಿಟ್ಟಿಲ್ಲ, ನೌಕರರೇ ಫೈಲು ತಂದುಕೊಟ್ಟರು. ಕಾನೂನಿನ ವಿರೋಧಿ ಒಬ್ಬನೇ. ಅವನಿಗೆ ಮರದ ಬೆಲೆ ತಿಳಿಸಿಕೊಡಬೇಕು.

ಸಂಜೆ ಅವನು ಮನೆಗೆ ಬಂದಾಗ ಗುಡ್ಡದ ಮೇಲೆ ಗರಗಸದ ಸದ್ದು ಶುರುವಾಗಿತ್ತು. ನಾಗರತ್ನಮ್ಮ ಪಾತ್ರೆ ಪಡಗಗಳನ್ನು ಗಂಟು ಕಟ್ಟುತ್ತಿದ್ದಳು.

"ಗೊತ್ತಾಯ್ತೇನ್ರೀ, ಯಾವ ಪಾಪಿ ಮರ ಕಡಿಸ್ತಿರೋದು?"

ಸಿದ್ದಬಸಪ್ಪ ಹೊಸ್ತಿಲ ಮೇಲೆ ಕುಳಿತ.

"ಅರ್ಜೀಲಿರೋ ವಿಳಾಸ ನಮ್ ಮನೇದೇ ಕಣೇ."