ಒಂಬೈನೂರ ತೊಂಬತ್ತೇಳು ರೊಟ್ಟಿ

ಗಣಿತದ ಮಾಸ್ತರರಿಗೆ ಸಂಖ್ಯೆಗಳ ಮೇಲೆ ಭಾರೀ ಪ್ರೀತಿ ಎಂದು ಜನ ನಂಬಿದ್ದಾರೆ. ನಿಜ ಹೇಳುತ್ತೇನೆ, ಮಹಾರಾಷ್ಟ್ರದ ಗಡಿಯೊಳಗಿನ ನಮ್ಮೂರು ಸಂಖದ ಕನ್ನಡ ಶಾಲೆಯಲ್ಲಿ ಇಪ್ಪತ್ತು ವರ್ಷ ಲೆಕ್ಕ ಕಲಿಸಿದರೂ ನನ್ನ ಪ್ರೀತಿ ಇದ್ದದ್ದು ಶೇಂಗಾ ಚಟ್ನಿ ಹಚ್ಚಿದ ಗರಿಗರಿ ಕಟಕ ರೊಟ್ಟಿಯ ಮೇಲೆ. ಸಂಖ್ಯೆಯೊಂದರ ಮೇಲೆ ಮನಸ್ಸಾದದ್ದು ಈಚೆಗೆ, ಅದೂ ಒಂದು ಕಳವಿನ ದೆಸೆಯಿಂದ.

ನಮ್ಮ ಓಣಿಯ ಹತ್ತು ಹೆಣ್ಣುಮಕ್ಕಳು ಪ್ರತಿವರ್ಷ ಗುಡ್ಡಾಪುರದ ದಾನಮ್ಮನ ದಾಸೋಹಕ್ಕೆ ಸಾವಿರ ರೊಟ್ಟಿ ಹೊತ್ತು ನಡೆದು ಹೋಗುತ್ತಾರೆ. ತಲೆಗೆ ನೂರು. ಸೇವೆಯಲ್ಲಿ ಒಬ್ಬಳದು ಹೆಚ್ಚು, ಒಬ್ಬಳದು ಕಡಿಮೆ ಆಗಕೂಡದು. ಈ ಸಲ ಗಂಟು ಕಟ್ಟುವ ಜವಾಬ್ದಾರಿ ನನ್ನ ಹೆಂಡತಿ ಮಹಾದೇವಿಯದು. ಹಿಂದಿನ ದಿನವೇ ರೊಟ್ಟಿಯೆಲ್ಲ ನಮ್ಮ ಪಡಸಾಲೆಗೆ ಬಂದಿತ್ತು. ದೇವಿಗೆ ಮುಟ್ಟುವ ಮೊದಲು ಬಾಯಿಗಿಡಬಾರದೆಂದು ನನಗೂ ಗೊತ್ತು. ಆದರೆ ಚಟ್ನಿ ಡಬ್ಬಿ ಪಕ್ಕದಲ್ಲೇ ಇತ್ತು.

ಬೆಳಿಗ್ಗೆ ಎಣಿಸಿದರೆ ಒಂಬೈನೂರ ತೊಂಬತ್ತೇಳು. ಹಿಟ್ಟು ತೀರಿತ್ತು, ಹೊರಡುವ ಹೊತ್ತಾಗಿತ್ತು. "ನೂರಕ್ಕ ಒಂದ ಕಡಿಮಿ ಆದ್ರೂ ನಾ ಹೊರಾಂಗಿಲ್ಲ ನೋಡ್ರಿ," ಎಂದಳು ಎದುರುಮನೆಯ ಶಿವಲಿಂಗವ್ವ. ಉಳಿದವರದೂ ಅದೇ ಮಾತು. ಓಣಿಯ ಮುಂದೆ ಮಹಾದೇವಿಯ ಮುಖ ಸಣ್ಣದಾಯಿತು.

"ಮಾಸ್ತರ್ರ, ಸಮ ಪಾಲ ಆಗೂಹಂಗ ಏನರೆ ಲೆಕ್ಕಾ ಹಾಕ್ರಿ," ಎಂದಳು ಶಿವಲಿಂಗವ್ವ.

ಕಳವು ಮುಚ್ಚಲು ಇದಕ್ಕಿಂತ ಒಳ್ಳೆಯ ಅವಕಾಶ ಎಲ್ಲಿ ಸಿಗಬೇಕು? ಪಾಟಿ ಹಿಡಿದು ಕೂತೆ. ಎರಡು, ಮೂರು, ಐದು, ಯಾವುದಕ್ಕೂ ಬಗ್ಗಲಿಲ್ಲ. ಏಳರಿಂದ ಭಾಗಿಸಿದರೆ ಮೂರು ಉಳಿಯಿತು. ಆ ಮೂರರ ಕಡೆ ನೋಡಲು ನನಗೆ ಧೈರ್ಯವಾಗಲಿಲ್ಲ. ಹನ್ನೊಂದು, ಹದಿಮೂರು, ಹೀಗೆ ಮೂವತ್ತೊಂದರವರೆಗೆ ಹೋದೆ. ಅದರಾಚೆ ನೋಡಬೇಕಿಲ್ಲ, ಮೂವತ್ತೆರಡು ಮೂವತ್ತೆರಡಲೆ ಸಾವಿರ ದಾಟುತ್ತದೆ. ಅವಿಭಾಜ್ಯ! ಮರಾಠಿ ಶಾಲೆಯವರು ಮೂಳ ಸಂಖ್ಯಾ ಎನ್ನುತ್ತಾರಲ್ಲ, ಅದೇ. ಮೂರಂಕಿಯ ಅವಿಭಾಜ್ಯಗಳಲ್ಲೆಲ್ಲ ಇದೇ ದೊಡ್ಡದು. ಪಕ್ಕದ ಸಾವಿರ ಯಾರು ಕೇಳಿದರೂ ಒಡೆದುಕೊಳ್ಳುತ್ತದೆ, ಇದು ಮಾತ್ರ ಯಾರ ಮಾತಿಗೂ ಜಗ್ಗದು. ಎಂಥ ಸ್ವಾಭಿಮಾನ! ನನ್ನ ಕಳವು ಮರೆತು, ನಿಜಕ್ಕೂ ಮೈ ಜುಂ ಎಂದಿತು.

"ಇದನ್ನ ಯಾರಿಗೂ ಭಾಗ ಮಾಡಾಕ ಬರಾಂಗಿಲ್ಲ! ಒಂದು, ಇಲ್ಲಾ ತನ್ನಿಂದ ತಾನ, ಅಷ್ಟ!" ಎಂದು ಕೂಗಿದೆ.

ಮಹಾದೇವಿ ಸೆರಗು ಸಿಕ್ಕಿಸಿಕೊಂಡಳು. "ಒಂದರಿಂದ ಹೋಗತೈತಿ ಹೌದಿಲ್ರಿ?"

"ಹೋಗತೈತಿ."

"ಹಂಗಾರ ಆ ಒಂದು ನೀವ ಆಗ್ರಿ. ಕೈಗಾಡಿ ನೀವು ಎಳೀರಿ, ನಾವು ಹತ್ತೂ ಮಂದಿ ಹಿಂದ ಸಮಾ ಕೈ ಹಚ್ಚತೀವಿ."

ಓಣಿಯ ಮಾನ ಉಳಿಯಿತು; ಹೋದದ್ದು ನನ್ನ ಸೊಂಟ. ಆದರೂ ದಾರಿಯುದ್ದಕ್ಕೂ ಬೆನ್ನ ಹಿಂದೆ ಅಂಥ ದೊಡ್ಡ ಸಂಖ್ಯೆ ಬರುತ್ತಿದೆಯೆಂಬ ಹೆಮ್ಮೆ ಇತ್ತು.

ದಾಸೋಹದ ಪಂಕ್ತಿಯಲ್ಲಿ ಬಡಿಸುವವನು ನನ್ನ ತಾಟಿಗೆ ರೊಟ್ಟಿ ಹಾಕಲು ಬಗ್ಗಿದ. ಪಕ್ಕದಲ್ಲಿದ್ದ ಮಹಾದೇವಿ ಕೈ ಅಡ್ಡ ಹಿಡಿದಳು.

"ಅವರಿಗೆ ಹಾಕಬ್ಯಾಡ್ರಿ. ಅವರ ಪಾಲಿಂದು ನಿನ್ನೇನ ಮೂರು ಆಗ್ಯಾವ." ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಅಂದಳು, "ಮೊದಲ ಚಟ್ನಿ ಡಬ್ಬಿ ಮುಚ್ಚಾಕ ಕಲೀರಿ."

ನಾನು ಬರೀ ಸಾರು ಹಾಕಿಸಿಕೊಂಡೆ.