ನಲವತ್ತೆರಡನೆಯ ಮೀನು

ಖಾಸಿಂಸಾಬ ತೀರಿಕೊಂಡ ಸುದ್ದಿ ಕಳಕೇಶ ಮಾಸ್ತರರಿಗೆ ಬೆಳಿಗ್ಗೆ ಹಲ್ಲುಜ್ಜುವಾಗ ಫೋನಿನಲ್ಲಿ ಬಂತು. "ಅಯ್ಯೋ, ಇವತ್ತ?" ಎಂದುಬಿಟ್ಟರು. ಆಮೇಲೆ ಆಡಿದ ಮಾತಿಗೆ ತಾವೇ ನಾಚಿ, ನೊರೆ ತುಂಬಿದ ಬಾಯಲ್ಲೇ ದೇವರ ಗೂಡಿನ ಕಡೆ ತಿರುಗಿ ಕೈಮುಗಿದರು.

ಅವರ ಗಾಬರಿಗೆ ಕಾರಣವಿತ್ತು. ಮುಂಡರಗಿಯ ಶಾಲೆಯಲ್ಲಿ ವಿಜ್ಞಾನ ಕಲಿಸುವ ಮಾಸ್ತರರಿಗೆ, ತುಂಗಭದ್ರೆಯಲ್ಲಿ ಎಷ್ಟು ಜಾತಿಯ ಮೀನುಗಳಿವೆ ಎಂದು ಪಟ್ಟಿ ಮಾಡುವ ಕೆಲಸ ಎರಡು ವರ್ಷದಿಂದ ಅಂಟಿಕೊಂಡಿತ್ತು. ನೀರೆಂದರೆ ಅವರಿಗೆ ಹೆದರಿಕೆ. ಮೊಣಕಾಲು ಮುಳುಗಿದರೆ ಎದೆ ಮಗ್ಗದ ಲಾಳಿಯಂತೆ ಅತ್ತಿಂದಿತ್ತ ಹಾರುತ್ತಿತ್ತು. ಹೀಗಾಗಿ ಪ್ರತಿ ರವಿವಾರ ಹೊಳೆದಂಡೆಯ ಹಳ್ಳಿಗೆ ಹೋಗಿ, ಮುದಿ ಮೀನುಗಾರ ಖಾಸಿಂಸಾಬನ ಮನೆಯ ಕಟ್ಟೆಯ ಮೇಲೆ ಕೂಡುವರು.

"ನೀವು ಚಾ ಕುಡೀರಿ ಮಾಸ್ತರ, ನಾ ತರ್ತೀನಿ," ಎಂದು ಮುದುಕ ಜಾಲಿಕಂಟಿಯ ಹಿಂದೆ ಮರೆಯಾಗಿ, ಅರ್ಧ ಗಂಟೆಗೆ ಕೊಡದಲ್ಲಿ ಮೀನು ತರುವನು. ಮಾಸ್ತರರು ಫೋಟೊ ತೆಗೆದು, ಪುಸ್ತಕದೊಡನೆ ತಾಳೆ ನೋಡಿ ಬರೆದುಕೊಳ್ಳುವರು. ಹಾಗೆ ನಲವತ್ತೆರಡು ಜಾತಿಗಳಾಗಿ, ವರದಿಯೂ ಗಣತಿಯ ಕಚೇರಿಗೆ ಹೋಗಿತ್ತು. ಕೊನೆಯದು ಮೈಮೇಲೆ ಕೆಂಪು ಗೆರೆಯ ಪುಟ್ಟ ಮೀನು. ಕೇರಳದ ಹೊಳೆಗಳನ್ನು ಬಿಟ್ಟರೆ ಬೇರೆಲ್ಲೂ ಇಲ್ಲವೆಂದು ಪುಸ್ತಕ ಹೇಳುತ್ತಿದ್ದ ಆ ಮೀನನ್ನು ನೋಡಲು ಗಣತಿಯ ಅಧಿಕಾರಿ ಕಾವೇರಿ ಮೇಡಂ ಇವತ್ತೇ ಬರುವವರಿದ್ದರು. ಅದು ಸಿಗುವ ಜಾಗ ಖಾಸಿಂಸಾಬನೊಬ್ಬನಿಗೇ ಗೊತ್ತು. ಮೀನು ತೋರಿಸಲಾಗದಿದ್ದರೆ ಎರಡು ವರ್ಷದ ಕೆಲಸವೂ ಮಾಸ್ತರರ ಮಾನವೂ ಹೊಳೆಯ ಪಾಲು.

ಮೇಡಂಗೆ ಫೋನು ಹಚ್ಚಿದರು. "ಮೇಡಂ, ಮೀನು ಹಿಡಿಯೋ ಕಾಕಾ ತೀರಿಕೊಂಡಾನ್ರಿ. ಇವತ್ತ ಬರಬ್ಯಾಡ್ರಿ."

"ಆಗಲೇ ದಾರಿ ಹಿಡದೀನ್ರಿ ಮಾಸ್ತರ. ಸಾವಾದ ಮನಿ, ಮಾತಾಡಿಸಿಯೇ ಹೋಗೂಣು."

ಖಾಸಿಂಸಾಬನ ಊರಿನಲ್ಲಿ ಬೇರೆ ಯಾರಿಗಾದರೂ ಜಾಗ ತಿಳಿದಿದ್ದೀತೆಂದು ಮಾಸ್ತರರು ಬಕೆಟ್ಟೊಂದನ್ನು ಹಿಡಿದುಕೊಂಡೇ ಓಡಿದರು. ಮುದುಕನ ಅಂಗಳದಲ್ಲಿ ಕಾಲಿಡುವಷ್ಟರಲ್ಲಿ ನೆರೆಮನೆಯ ನಜೀರಸಾಬ ಅದನ್ನು ಕಸಿದುಕೊಂಡ.

"ಬಕೀಟು ತಂದ್ರೇನ್ರಿ? ಭಾಳ ಚಲೋ ಆತು. ಮೈ ತೊಳಿಯಾಕ ನೀರು ತರಾಕ ಕೊಡಾನ ಸಾಲವಲ್ದು."

"ನಜೀರಸಾಬ್ರ, ಆ ಕೆಂಪು ಗೆರಿ ಮೀನು ಎಲ್ಲಿ..."

"ಮಾಸ್ತರ, ಮೀನಿನ ಮಾತಾಡೂ ಹೊತ್ತೇನ್ರಿ ಇದು? ಬರ್ರಿ, ಹೆಗಲ ಕೊಡ್ರಿ."

ಮಧ್ಯಾಹ್ನ ಜನಾಜಾ ಎತ್ತಿದಾಗ ಮಾಸ್ತರರು ಮುಂದಿನ ಮೂಲೆಯಲ್ಲಿದ್ದರು. ಅದೇ ಹೊತ್ತಿಗೆ ಜೀಪು ಬಂತು. ಕಾವೇರಿ ಮೇಡಂ ಇಳಿದು, ಸೆರಗು ತಲೆಗೆ ಹೊದ್ದು, ಮುದುಕನ ಹೆಂಡತಿ ಖಾತುನಬಿಯನ್ನು ಮಾತಾಡಿಸಲು ನೇರ ಒಳಗೆ ನಡೆದರು. ಮಾಸ್ತರರು ನಿಂತಲ್ಲಿಂದಲೇ ಬಾಗಿಲ ಕಡೆ ಇಣುಕಿದರು. ಒಳಗೆ ಮೀನಿನ ಮಾತು ಬಂದು, ತಾವು ಆ ಜಾಗವನ್ನೇ ನೋಡಿಲ್ಲವೆಂಬುದು ಹೊರಬಿದ್ದರೇನು ಗತಿ? ಹತ್ತು ಹೆಜ್ಜೆಗೊಮ್ಮೆ ಹೆಗಲು ಬದಲಾಗುವುದು ರೂಢಿ, ಆಗ ತಪ್ಪಿಸಿಕೊಂಡರಾಯಿತು ಎಂದುಕೊಂಡರು. ಆದರೆ ನಜೀರಸಾಬ ಎಲ್ಲರನ್ನೂ ತಡೆದ.

"ಮಾಸ್ತರ್ದು ಕಾಕಾನ ಮ್ಯಾಲೆ ಭಾಳ ಜೀಂವ. ಅವರ ಹೆಗಲ ಯಾರೂ ಬಿಡಸಬ್ಯಾಡ್ರಿ!"

ಸಂತೆಗೆ ಎಳೆದೊಯ್ಯುವ ಆಡಿನಂತೆ ಮಾಸ್ತರರು ಮತ್ತೆ ಮತ್ತೆ ಹಿಂದಕ್ಕೆ ಕತ್ತು ತಿರುಗಿಸಿದರು.

"ನೋಡ್ರೆಪಾ," ಎಂದ ನಜೀರಸಾಬ ಕಣ್ಣೊರೆಸಿಕೊಂಡು, "ಕಾಕಾನ ಮನಿ ಬಿಟ್ಟು ಬರಾಕ ಅವರ ಮನಸ ಒಪ್ಪವಲ್ದು."

ಮಣ್ಣು ಕೊಟ್ಟು ಬಂದವರೇ ಮಾಸ್ತರರು ಮನೆಗೆ ಓಡಿದರು. ಮೇಡಂ ಹೊಸ್ತಿಲ ಬಳಿ ಕೂತಿದ್ದರು. ಪರದೆಯ ಹಿಂದಿನಿಂದ ಖಾತುನಬಿಯ ದನಿ ಬಂತು.

"ಮಾಸ್ತರ, ಈ ಅಕ್ಕಾರು ಮೀನಿನ ಜಾಗಾ ಕೇಳ್ತಾರ. ನಾ ಏನ್ ಹೇಳ್ಲಿ? ಮೊಣಕಾಲು ಹಿಡದು ಮೂರು ವರ್ಷಾತು, ಅವರು ಹೊಳಿಗೆ ಇಳದಿದ್ದೇ ಇಲ್ಲ."

"ಮತ್ತ... ಆ ಮೀನು?"

"ಗದಗ ಪ್ಯಾಟ್ಯಾಗಿನ್ವು, ಲಕ್ಷ್ಮೇಶ್ವರದ ಕೆರೀವು. ಶನಿವಾರ ಬಸ್ ಹತ್ತಿ ತಂದು ಕಂಟಿ ಹಿಂದ ಇಡ್ತಿದ್ರು. ನೀವು ಚಾ ಕುಡಿಯೂತನಕ ಅಲ್ಲೇ ಕುಂತು ಬೀಡಿ ಸೇದ್ತಿದ್ರು. ಹಳೇ ಮೀನ ತೋರಿಸಿದ್ರ ನಿಮ್ಮ ಮಾರಿ ಸಣ್ಣ ಆಗ್ತಿತ್ತು. ಹೊಸಾದು ಕಂಡ್ರ ಹುಡುಗರಂಗ ಕುಣೀತಿದ್ರಿ. 'ಮಾಸ್ತರ ಅಷ್ಟು ದೂರಿಂದ ಬರ್ತಾರ, ಬರಿಗೈಲೆ ಹ್ಯಾಂಗ ಕಳಸೂದು?' ಅಂತಿದ್ರು."

"ಕೆಂಪು ಗೆರೀದು?"

"ಅದಾ? ಬೆಟಗೇರ್ಯಾಗ ನನ್ನ ತಮ್ಮ ಇಸಾಕನ ಅಂಗಡಿ ಐತೆಲ್ಲ, ಅಲ್ಲೆ ಗಾಜಿನ ಪೆಟಗ್ಯಾಗ ಈಜಾಡ್ತಿತ್ತು."

ಮಾಸ್ತರರು ಕಟ್ಟೆಯ ಮೇಲೆ ಕೂತು ಪಟ್ಟಿಯನ್ನು ಮನಸ್ಸಿನಲ್ಲೇ ಓದಿಕೊಂಡರು. ಪಟ್ಟಿಯಲ್ಲಿ ಮೀನಿನ ಹೆಸರು ಒಂದೂ ತಪ್ಪಿರಲಿಲ್ಲ. ಹೊಳೆ ಮಾತ್ರ ತಪ್ಪಿತ್ತು.

ಆದರೂ ಅವರು ಪ್ರಾಮಾಣಿಕರು. ಎದ್ದು ಮೇಡಂಗೆ ಕೈಜೋಡಿಸಿದರು. "ನನ್ನ ವರದಿ ವಾಪಸ್ ಕೊಡ್ರಿ ಮೇಡಂ. ಖರೇದು ಬರದು ಕೊಡ್ತೀನಿ. ಏನ್ ಶಿಕ್ಷಾ ಕೊಡ್ತೀರೋ ಕೊಡ್ರಿ."

ಮೇಡಂ ಅತ್ತಿತ್ತ ನೋಡಿ, ಅವರನ್ನು ಬೇವಿನ ಗಿಡದ ಕೆಳಗೆ ಕರೆದೊಯ್ದು ದನಿ ತಗ್ಗಿಸಿದರು.

"ಎಲ್ಲಿಂದ ಕೊಡ್ಲಿ ಮಾಸ್ತರ? ಅದು ಮ್ಯಾಲಿನ ಕಚೇರಿಗೆ ಹೋಗಿ ತಿಂಗಳಾತು. 'ಜಾಗಾಕ್ಕ ಹೋಗಿ ಮೀನು ಕಣ್ಣಾರೆ ನೋಡೀನಿ' ಅಂತ ಕೆಳಗ ನಾನ ಸಹಿ ಹಾಕೀನಿ. ಇವತ್ತ ಬಂದದ್ದು ಆ ಸುಳ್ಳನ್ನ ಖರೆ ಮಾಡಾಕ."

ಮೇಡಂ ಚೀಲದಿಂದ ಕಾಗದವೊಂದನ್ನು ತೆಗೆದು ಅವರ ಕೈಗಿಟ್ಟರು.

"ಮ್ಯಾಲಿನ ಕಚೇರಿಯಿಂದ ನಿಮ್ಮ ಹೆಸರಿಗೆ ಆದೇಶ. ಮುಂದಿನ ಐದು ವರ್ಷ, ತಿಂಗಳಾ ತಿಂಗಳಾ ಎಣಿಸಿ, ಈ ಹೊಳ್ಯಾಗಿನ ನಲವತ್ತೆರಡು ಜಾತ್ಯಾಗ ಒಂದೂ ಕಡಿಮಿ ಆಗಿಲ್ಲ ಅಂತ ಫೋಟೊ ಕಳಸಬೇಕು. ಶನಿವಾರ ಗದಗಿಗೆ ಮೊದಲನೇ ಬಸ್ ಎಷ್ಟಕ್ಕ ಐತಿ, ಕೇಳಿ ಇಟ್ಕೋರಿ."

ಜೀಪು ಧೂಳೆಬ್ಬಿಸಿ ಹೋಯಿತು. "ಮಾಸ್ತರ, ಬರ್ರಿ, ದುವಾ ಮಾಡಾಕತ್ತಾರ," ಎಂದು ನಜೀರಸಾಬ ರಟ್ಟೆ ಹಿಡಿದು ಕರೆದೊಯ್ದು ಚಾಪೆಯ ಮೇಲೆ ಕೂಡಿಸಿದ. ಎಲ್ಲರೂ ಅಂಗೈ ಎತ್ತಿದರು. ಮಾಸ್ತರರು ತಮ್ಮ ರೂಢಿಯಂತೆ ಕೈಮುಗಿದರು. ಸಿಟ್ಟು ಮಾಡಬೇಕೆಂದುಕೊಂಡರೂ ಬರಲಿಲ್ಲ. ನೀರು ತುಳುಕದಂತೆ ಕೊಡವನ್ನು ತೊಡೆಯ ಮೇಲೆ ಅಪ್ಪಿಕೊಂಡು, ಶನಿವಾರದ ಬಸ್ಸಿನಲ್ಲಿ ನೋಯುವ ಕಾಲು ನೀವಿಕೊಳ್ಳುತ್ತಾ ಕೂತ ಮುದುಕನೇ ಕಣ್ಣ ಮುಂದೆ ನಿಂತ. ಅವರ ಕಣ್ಣು ತುಂಬಿದವು. ಬೆಳಗಿನಿಂದ ಅದೇ ಮೊದಲ ಸಲ.

"ದೇವರೇ, ಎದುರಿಗೆ ಕೂತವನ ಮುಖ ಬಾಡಬಾರದೆಂದು ಈ ಜೀವ ಮಾಡಿದ ತಪ್ಪನ್ನು ತಪ್ಪೆಂದು ಎಣಿಸಬೇಡ. ದಣಿದ ಆ ಕಾಲುಗಳಿಗೆ ವಿಶ್ರಾಂತಿ ಕೊಡು. ನಮ್ಮ ಖಾಸಿಂಸಾಬನ ಆತ್ಮಕ್ಕೆ ಶಾಂತಿ ಕೊಡು."