ಸಾಕು ಅಂದರೆ ಎಷ್ಟು?

ಅರ್ಥಶಾಸ್ತ್ರದ ಪುಸ್ತಕದಲ್ಲಿ ಮನುಷ್ಯ ಬೇಕಾದ್ದನ್ನು ಬೇಕು ಅನ್ನುತ್ತಾನೆ, ಬೇಡದ್ದನ್ನು ಬೇಡ ಅನ್ನುತ್ತಾನೆ. ಮಳವಳ್ಳಿಯ ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುವ ನನಗೆ ಅಂಥವರು ಇನ್ನೂ ಸಿಕ್ಕಿಲ್ಲ. ಹಾಗಾಗಿ ಇಂಥ ಪ್ರಸಂಗಗಳಿಗೆ ಬರವೂ ಇಲ್ಲ. ಪುಸ್ತಕದ ಸೇಬು, ಕಿತ್ತಳೆ ಬಿಟ್ಟು ನಮ್ಮೂರಿನ ಉದಾಹರಣೆ ಕೊಡುತ್ತೇನೆಂದು ಪ್ರಿನ್ಸಿಪಾಲರಿಗೆ ಸಿಟ್ಟು.

“ಮೈಸೂರಿಂದ ಪರಿಶೀಲಕರು ಬರ್ತಾರೆ. ಅವರು ಒಪ್ಪದಿದ್ರೆ ನಿಮ್ಮ ಕ್ಲಾಸು ಬೇರೆಯವರಿಗೆ,” ಅಂದರು.

“ಕೊಡಿ ಸಾರ್. ನಾನು ಮಾತ್ರ ಬದಲಾಯಿಸೋಳಲ್ಲ,” ಅಂದೆ.

೧. ಕಾಫಿಯೋ ಟೀಯೋ

ಆಯ್ಕೆಯ ಪಾಠ. ಕಿರುಗಾವಲಿನ ಹುಡುಗಿಯೊಬ್ಬಳನ್ನು ಎಬ್ಬಿಸಿ, “ಕಾಫಿ, ಟೀ, ಎರಡರಲ್ಲಿ ನಿನಗೆ ಯಾವುದಿಷ್ಟ?” ಎಂದು ಕೇಳಿದೆ.

“ಯಾರ ಮನೇಲಿ ಮೇಡಂ?”

“ಯಾರ ಮನೆಯಾದರೇನು?”

“ನೆಂಟ್ರ ಮನೇಲಾದ್ರೆ ಏನೂ ಬ್ಯಾಡ ಅಂತೀನಿ. ತಂದಿಕ್ಕಿದ್ರೆ ಎರಡೂ ಕುಡೀತೀನಿ.”

೨. ಬೈದ ಬದನೆಕಾಯಿ

ನಮ್ಮಮ್ಮ ಮದ್ದೂರು ಸಂತೆಯಲ್ಲಿ ತನಗೆ ಬೇಕಾದ ತರಕಾರಿಯನ್ನು ಎಂದೂ ಹೊಗಳಿದವಳಲ್ಲ. ಹೊಗಳಿದರೆ ರೇಟು ಏರುತ್ತದಂತೆ. ಅವತ್ತು ಟೊಮೆಟೊ ಚೆನ್ನಾಗಿದೆ ಅಂದಳು, ಹುರುಳಿಕಾಯಿ ಪರವಾಗಿಲ್ಲ ಅಂದಳು, ಬದನೆಕಾಯಿಗೆ ಮಾತ್ರ ಹಿಗ್ಗಾಮುಗ್ಗಾ ಬೈದಳು. ಮಾರುವವಳು ಚೀಲ ತುಂಬಿ ಕೈಗಿಟ್ಟಳು.

“ತಕ್ಕಳವ್ವ. ಬೈದಿದ್ದನ್ನೇ ಆಕಿವ್ನಿ.”

೩. ಬೀಗರೂಟ

ಪರಿಶೀಲಕರು ಬಂದರು, ನನ್ನ ಕ್ಲಾಸಿನಲ್ಲಿ ಕೂತು, ಊಟದಲ್ಲಿ ಮುದ್ದೆ ಸಾಕು ಅನ್ನುವುದು ಹೇಗೆಂಬ ಪಾಠ ಕೇಳಿದರು. “ಸಾಕು ಅಂದರೆ ಸಾಕು, ಮೇಡಂ. ಭಾಷೆ ಇರೋದೇ ಅದಕ್ಕೆ. ಈ ಮುದ್ದೆ, ಬದನೆಕಾಯಿ ಎಲ್ಲ ನಿಲ್ಲಿಸಿ,” ಅಂದರು. ನನಗೆ ಮೈಯೆಲ್ಲ ಉರಿಯಿತು.

ಮಧ್ಯಾಹ್ನ ನಮ್ಮ ಗುಮಾಸ್ತರ ಮಗಳ ಮದುವೆಯ ಬೀಗರೂಟ. ಪ್ರಿನ್ಸಿಪಾಲರು ಪರಿಶೀಲಕರನ್ನೂ ಕರೆತಂದು ನನ್ನ ಪಕ್ಕದಲ್ಲೇ ಕೂರಿಸಿ, ತಾವು ಎದುರು ಸಾಲಿನಲ್ಲಿ ಕೂತರು. ಹುಡುಗಿಯ ಸೋದರಮಾವ ಬಡಿಸುತ್ತಿದ್ದ. ಒಂದು ಮುದ್ದೆ ಮುಗಿಯಿತು.

“ಸಾಕು,” ಅಂದರು ಪರಿಶೀಲಕರು. ಇನ್ನೊಂದು ಬಿತ್ತು.

“ಸಾಕಪ್ಪಾ!” ಅಂದರು. ಮುದ್ದೆಯ ಜೊತೆ ಬಾಡಿನ ಸಾರೂ ಬಿತ್ತು.

“ದಯವಿಟ್ಟು ಸಾಕು!” ಅಂದರು.

“ನಾಚ್ಕೋಬ್ಯಾಡಿ ಸಾ,” ಎಂದು ಆತ ಬಕೆಟ್ಟನ್ನೇ ಬಗ್ಗಿಸಿದ.

ಪರಿಶೀಲಕರು ಬೆವರುತ್ತಾ ನನ್ನ ಕಡೆ ತಿರುಗಿದರು. “ಮೇಡಂ, ಇವರನ್ನ ನಿಲ್ಲಿಸೋದು ಹೇಗೆ?”

“ಅದು ನನ್ನ ಪಾಠದಲ್ಲಿದೆ ಸಾರ್. ನಿಲ್ಲಿಸಿ ಅಂದ್ರಲ್ಲ?”

ಆತ ಮತ್ತೆ ನಮ್ಮ ಸಾಲಿಗೆ ಬಂದ. ಪರಿಶೀಲಕರು ಪ್ರಿನ್ಸಿಪಾಲರಿಗೆ ಕೇಳುವ ಹಾಗೆ ಕೂಗಿದರು: “ನಿಮ್ಮ ಕ್ಲಾಸು ನಿಮಗೇ! ಹೇಗೆ ಬೇಕೋ ಹಾಗೆ ಮಾಡಿ! ಬೇಗ ಹೇಳಿ!”

ಎರಡೂ ಕೈ ಎಲೆಗೆ ಅಡ್ಡ ಹರಡಿ ಅದರ ಮೇಲೆ ಬಗ್ಗಿ ತೋರಿಸಿದೆ. ಅವರು ಟೈ ಸಮೇತ ಸಾರಿನ ಮೇಲೆಯೇ ಬೋರಲು ಬಿದ್ದರು. ಸೋದರಮಾವ ಸೌಟು ಹಿಂದಕ್ಕೆಳೆದುಕೊಂಡ.

“ಇಂಗೆ ಸರ್ಯಾಗಿ ಏಳ್ಬೇಕಲ್ವಾ ಸಾ? ಬರೀ ಬಾಯಲ್ಲಿ ಏಳಿದ್ರೆ ನಮ್ಗೆ ಎಂಗ್ ಗೊತ್ತಾಗ್ಬೇಕು?”